‘ಡ್ರಾಪ್ ಚೆನ್ನಾಗಿಲ್ಲ’ ಅಂದರೆ ಏನು ಚೆನ್ನಾಗಿಲ್ಲ?

ಪ್ರಶ್ನೆ:

ಪ್ರಯೋಗದ ಜಾಡಿನ ಒಂದು ಎಲೆಕ್ಟ್ರಾನಿಕ್ ಡ್ಯಾನ್ಸ್-ಪಾಪ್ ಆಲ್ಬಮ್ ಬಗ್ಗೆ ಬೆಂಗಳೂರಿನ ಕೇಳುಗರು ಬರೆದ ಅಭಿಪ್ರಾಯಗಳನ್ನು ಲೇಖನಕ್ಕೆಂದು ತಿದ್ದಬೇಕಾಗಿದೆ. ತೊಡಕು ಕೊಡುತ್ತಿರುವ ಸಾಲುಗಳು ಇವು: ‘ಆಲ್ಬಮ್ ಡ್ರಾಪ್ ಆಯ್ತು’, ‘ಮೂರನೇ ಹಾಡಲ್ಲಿ ಡ್ರಾಪೇ ಚೆನ್ನಾಗಿಲ್ಲ’, ‘ಕಿಕ್ ಸಾಲಲ್ಲ’, ‘ಪೂರ್ತಿ ಆಟೋಟ್ಯೂನ್’, ‘ಕೊನೇ ಹಾಡು ಸ್ಪೀಕರ್ ಹರಿದ ಹಾಗಿದೆ’. ಡ್ರಾಪ್‌ಗೆ ‘ಪತನ’, ಎಕ್ಸ್‌ಪೆರಿಮೆಂಟಲ್‌ಗೆ ‘ಪ್ರಾಯೋಗಿಕ’, ಇಡೀ ಪ್ರಕಾರಕ್ಕೆ ‘ವಿದ್ಯುನ್ಮಾನ ನೃತ್ಯ ಪಾಪ್’ ಎಂದು ಸದ್ಯಕ್ಕೆ ಹಾಕಿದೆ. ನಡೆಯುತ್ತದೆಯೇ?

ಉತ್ತರ 1:

‘ಪತನ’ ಖಂಡಿತ ಬೇಡ. ಸರ್ಕಾರ ಪತನವಾಗುತ್ತದೆ, ವಿಮಾನ ಪತನವಾಗುತ್ತದೆ. ಎರಡರಲ್ಲೂ ಯಾರೂ ಕುಣಿಯುವುದಿಲ್ಲ. (ಮೊದಲನೆಯದರಲ್ಲಿ ವಿರೋಧ ಪಕ್ಷದವರು ಕುಣಿಯಬಹುದು.)

ಡ್ರಾಪ್ ಇಂಗ್ಲಿಷ್ ಪದ ಅನ್ನುವುದಕ್ಕಿಂತ ದೊಡ್ಡ ತೊಂದರೆ, ಅದು ಆಗಲೇ ಬೇರೆ ಅರ್ಥಗಳಲ್ಲಿ ಕನ್ನಡವಾಗಿಬಿಟ್ಟಿರುವುದು. ‘ಮೆಜೆಸ್ಟಿಕ್‌ಗೆ ಡ್ರಾಪ್ ಕೊಡ್ತೀಯಾ’ ಅನ್ನುವುದು ಒಂದು. ‘ಆ ಪಿಕ್ಚರ್ ಡ್ರಾಪ್ ಆಯ್ತಂತೆ’ ಅಂದರೆ ಗಾಂಧಿನಗರದಲ್ಲಿ ಚಿತ್ರ ನಿಂತುಹೋಯಿತು ಎಂದರ್ಥ. ಹೊಸ ಹುಡುಗರು ‘ಆಲ್ಬಮ್ ಡ್ರಾಪ್ ಆಯ್ತು’ ಅನ್ನುವುದು ಬಿಡುಗಡೆಯಾಯಿತು ಎಂಬರ್ಥದಲ್ಲಿ. ಒಂದೇ ಸಾಲಿಗೆ ಎದುರುಬದುರು ಅರ್ಥ. ಇಲ್ಲಿ ಯೋಚನೆಯೇ ಬೇಡ, ‘ಬಿಡುಗಡೆಯಾಯಿತು’ ಎಂದು ಬರೆಯಿರಿ. ಕ್ಯಾಸೆಟ್ ಹೋಗಿ ಸಿ.ಡಿ. ಬಂದ ಮೇಲೂ ಪತ್ರಿಕೆಗಳು ‘ಧ್ವನಿಸುರುಳಿ ಬಿಡುಗಡೆ’ ಎಂದೇ ಬರೆದವು. ಸುರುಳಿ ಹೋಯಿತು, ಬಿಡುಗಡೆ ಉಳಿಯಿತು.

ಹಾಡಿನೊಳಗಿನ ಡ್ರಾಪ್ ಬೇರೆ. ಅಲ್ಲಿ ನಡೆಯುವುದೇನು ಎಂದು ಬಿಡಿಸಿ ನೋಡಿದರೆ ಪದ ತಾನಾಗಿ ಸಿಗುತ್ತದೆ. ನಿಮಿಷಕ್ಕೆ 128 ಬಡಿತದ ಹಾಡು ಎಂದಿಟ್ಟುಕೊಳ್ಳಿ. ಒಂದು ಬಡಿತಕ್ಕೆ ಸುಮಾರು 469 ಮಿಲಿಸೆಕೆಂಡ್. ನಾಲ್ಕು ಬಡಿತದ ಎಂಟು ಆವರ್ತ ಮುಗಿಯಲು ಸರಿಯಾಗಿ 15 ಸೆಕೆಂಡ್. ಈ 15 ಸೆಕೆಂಡೇ ಸಾಮಾನ್ಯವಾಗಿ ಏರಿಕೆ. ಮೊದಲು ಬಡಿತಕ್ಕೊಂದು ಸ್ನೇರ್ (ಟಪ್ ಎನ್ನುವ ಸಣ್ಣ ಡ್ರಮ್), ಆಮೇಲೆ ಎರಡು, ನಾಲ್ಕು, ಎಂಟು. ಕೇಳುಗರು ‘ಟೆಂಪೊ ಜಾಸ್ತಿ ಆಯ್ತು’ ಎಂದು ಬರೆಯುವುದು ಇಲ್ಲೇ, ತಪ್ಪುವುದೂ ಇಲ್ಲೇ. ಹಾಡಿನ ಓಟ 128ರಲ್ಲೇ ಇದೆ, ಹೆಚ್ಚಿದ್ದು ಕಾಲ. ಸಂಗೀತ ಪಾಠದಲ್ಲಿ ಸರಳೆಯನ್ನು ಒಂದನೇ, ಎರಡನೇ, ಮೂರನೇ ಕಾಲದಲ್ಲಿ ಹಾಡಿಸುವುದು ಇದೇ ಲೆಕ್ಕ. ‘ಕಾಲ ಏರಿತು’ ಎಂದು ತಿದ್ದಿ. ಟೆಂಪೊ ಅಂದರೆ ಈ ಊರಿನಲ್ಲಿ ಮನೆಸಾಮಾನು ಸಾಗಿಸುವ ಗಾಡಿ.

ಏರಿಕೆಯ ಕೊನೆಯಲ್ಲಿ ಇನ್ನೊಂದು ಕೆಲಸ ಸದ್ದಿಲ್ಲದೆ ನಡೆದಿರುತ್ತದೆ. ಫಿಲ್ಟರ್ ಹಾಕಿ ತಳದ ದನಿಯನ್ನೆಲ್ಲ ಸೋಸಿ ತೆಗೆದಿರುತ್ತಾರೆ. ಸುಯ್ಯನೆ ಮೇಲೇರುವ ಗಾಳಿಸದ್ದು ಮಾತ್ರ ಉಳಿಯುತ್ತದೆ. ಅರ್ಧ ಬಡಿತವೋ ಒಂದು ಬಡಿತವೋ ಗಪ್‌ಚಿಪ್. ಆಮೇಲೆ ಮೊದಲ ಎಣಿಕೆಗೆ ಸರಿಯಾಗಿ ಮಂದ್ರ (ತಳದ ದನಿ), ಕಿಕ್ (ಧಮ್ ಎನ್ನುವ ದೊಡ್ಡ ಡ್ರಮ್) ಎರಡೂ ಒಟ್ಟಿಗೆ ಬೀಳುತ್ತವೆ. ಗಣೇಶನ ಮೆರವಣಿಗೆಯಲ್ಲಿ ನಿಂತವರು ಇದಕ್ಕೆ ಏನನ್ನುತ್ತಾರೆ? ‘ತಮಟೆಗೆ ಏಟು ಬಿತ್ತು.’ ಮದ್ದಳೆಯ ಮೇಲೆ ನಡೆಯುತ್ತಿದ್ದ ಪದ್ಯ ಏರಿ ಚೆಂಡೆ ಸೇರಿಕೊಂಡರೆ ಯಕ್ಷಗಾನ ನೋಡುವವರು ‘ಪೆಟ್ಟು ಬಿತ್ತು’ ಅನ್ನುತ್ತಾರೆ. ಬೀಳುವ ಕ್ರಿಯೆ ನಮ್ಮಲ್ಲೇ ಇದೆ, ಬೀಳುವುದು ಏಟು. ಆದ್ದರಿಂದ ನನ್ನ ಸಲಹೆ: ಬಿಲ್ಡಪ್‌ಗೆ ‘ಏರಿಕೆ’, ಡ್ರಾಪ್‌ಗೆ ‘ಏಟು’, ತಾಳವಾದ್ಯ ನಿಂತು ದನಿ ಮಾತ್ರ ತೇಲುವ ಭಾಗಕ್ಕೆ ‘ಬಿಡುವು’. (ಬಿಲ್ಡಪ್ ಅಂದರೆ ಕನ್ನಡ ಸಿನಿಮಾದಲ್ಲಿ ಹೀರೊಗೆ ಕೊಡುವುದು, ಅದನ್ನು ಅವರಿಗೇ ಬಿಡೋಣ.)

ಒಂದು ಎಚ್ಚರಿಕೆ, ವಿಭಕ್ತಿಯದು. ‘ಹಾಡಿನಲ್ಲಿ ಏಟು ಬಿತ್ತು’ ಎಂದು ಸಪ್ತಮಿಯಲ್ಲೇ ಬರೆಯಬೇಕು. ‘ಹಾಡಿಗೆ ಏಟು ಬಿತ್ತು’ ಎಂದು ಚತುರ್ಥಿ ಹಾಕಿದರೆ ಹಾಡು ಸೋತಿತು ಎಂದಾಗುತ್ತದೆ. ತಮಟೆಗೆ ಮಾತ್ರ ಚತುರ್ಥಿ ಸರಿ, ಏಟು ತಿನ್ನುವುದು ಅದೇ ತಾನೆ.

ಇಂಥ ಆಲ್ಬಮ್‌ಗಳಲ್ಲಿ ಏರಿಸಿ ಏರಿಸಿ ಏಟು ಹಾಕದೆ ಬಿಡುವುದೂ ಉಂಟು. ಹದಿನೈದು ಸೆಕೆಂಡ್ ಕಾಯಿಸಿ, ಕಿಕ್ ಬೀಳಬೇಕಾದ ಕಡೆ ಒಂದು ಪಿಸುಮಾತು ಇಟ್ಟಿರುತ್ತಾರೆ. ಇದು ‘ಹುಸಿ ಏಟು’, ಬೇಕೆಂದೇ ಮಾಡಿದ್ದು. ಬಿದ್ದೂ ನಾಟದ ಏಟು ಬೇರೆ. ಅದಕ್ಕೆ ಕಾರಣ ತಂತ್ರದ್ದು: ಏರಿಕೆಯಲ್ಲೇ ಸದ್ದನ್ನು ಗರಿಷ್ಠಕ್ಕೆ ಮುಟ್ಟಿಸಿದ್ದರೆ ಮೇಲೆ ಹೋಗಲು ಜಾಗವಿಲ್ಲ, ಸದ್ದು ಮಿತಿ ದಾಟದಂತೆ ತಡೆಯುವ ಲಿಮಿಟರ್ ಏಟನ್ನು ತಟ್ಟಿ ಚಪ್ಪಟೆ ಮಾಡುತ್ತದೆ. ಅಥವಾ ತಳದ ದನಿಯನ್ನು ಮೊದಲೇ ತೆಗೆದಿರದಿದ್ದರೆ, ವಾಪಸ್ ಬಂದದ್ದು ಕಿವಿಗೆ ಗೊತ್ತೇ ಆಗುವುದಿಲ್ಲ. ಬೇಕೆಂದೇ ಬಿಟ್ಟದ್ದಕ್ಕೆ ‘ಏಟು ಹುಸಿಹೋಯಿತು’, ಬಿದ್ದೂ ನಾಟದ್ದಕ್ಕೆ ‘ಏಟು ನಾಟಲಿಲ್ಲ’.

ಕಿಕ್. ‘ಕಿಕ್ ಸಾಲಲ್ಲ’ ಎಂಬುದನ್ನು ಹತ್ತು ಜನ ಓದಿದರೆ ಎಂಟು ಜನ ಅಮಲು ಸಾಲಲಿಲ್ಲ ಎಂದೇ ಓದುತ್ತಾರೆ. ವಾದ್ಯದ ಬಗ್ಗೆ ಆದರೆ ‘ಕಿಕ್‌ಡ್ರಮ್ ತೆಳುವಾಗಿದೆ’ ಎಂದು ಬಿಡಿಸಿ. ಯಾರಾದರೂ ‘808 ಜಾಸ್ತಿ’ ಎಂದು ಬರೆದಿದ್ದರೆ ಅಂಕಿಯನ್ನು ಹಾಗೇ ಬಿಡಿ. ರೋಲ್ಯಾಂಡ್ ಕಂಪನಿಯವರು 1980ರಲ್ಲಿ ತಂದ ಡ್ರಮ್ ಯಂತ್ರದ ಹೆಸರು ಅದು. ಈಗ ಯಂತ್ರವಿಲ್ಲದಿದ್ದರೂ, ಗುಮ್ಮ್... ಎಂದು ಎಳೆದುಕೊಂಡು ಹೋಗುವ ಯಾವುದೇ ಮಂದ್ರದ ಏಟಿಗೆ ಅದೇ ಹೆಸರು. ‘ಬೇಸ್’ ಬದಲು ‘ಮಂದ್ರ’ ಒಳ್ಳೆಯದು. ಹುಬ್ಬಳ್ಳಿ ಕಡೆಯವರಿಗೆ ‘ಬೇಸ್ ಐತಿ’ ಅಂದರೆ ಚೆನ್ನಾಗಿದೆ ಎಂದಷ್ಟೇ!

‘ಪೂರ್ತಿ ಆಟೋಟ್ಯೂನ್’ ಎಂಬುದು ಕೇಳುಗರ ಬಾಯಲ್ಲಿ ಬೈಗುಳ, ಶ್ರುತಿ ಸೇರದವರು ಮರೆಮಾಚಿದರು ಅನ್ನುವ ಆರೋಪ. 1997ರಲ್ಲಿ ಬಂದ ಆ ತಂತ್ರಾಂಶದ ಮೂಲ ಉದ್ದೇಶ ಶ್ರುತಿ ತಿದ್ದುವುದೇ ಹೌದು. ಆದರೆ ಇಲ್ಲಿ ಬಳಸುವ ಬಗೆ ಬೇರೆ. ತಿದ್ದುವ ವೇಗವನ್ನು 0 ಮಿಲಿಸೆಕೆಂಡಿಗೆ, ಅಂದರೆ ತಕ್ಷಣ ತಿದ್ದುವಂತೆ, ಇಟ್ಟರೆ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದಿಲ್ಲ, ಹಾರುತ್ತದೆ. ನಮ್ಮ ಗಮಕಗಳಲ್ಲಿ ‘ಜಾರು’ ಎಂಬುದಿದೆಯಲ್ಲ, ಅದನ್ನು ಕತ್ತರಿಸಿ ಮೆಟ್ಟಿಲು ಮಾಡಿದ ಹಾಗೆ. ‘ಮೆಟ್ಟಿಲುದನಿ’ ಎಂದು ಕರೆಯಬಹುದು ಅನಿಸುತ್ತದೆ; ಯಾರಿಗಾದರೂ ಇನ್ನೂ ಒಳ್ಳೆಯದು ಹೊಳೆದರೆ ಹೇಳಿ. ವೇಗವನ್ನು 30, 40 ಮಿಲಿಸೆಕೆಂಡಿಗೆ ಇಟ್ಟರೆ ಅಷ್ಟು ಎದ್ದು ಕಾಣುವುದಿಲ್ಲ, ಅಲ್ಲಿ ‘ಶ್ರುತಿ ತಿದ್ದಿದ್ದಾರೆ’ ಸಾಕು. ದನಿಯನ್ನು ಮೇಲಕ್ಕೆಳೆದು ಮಗುವಿನಂತೆ ಮಾಡಿದ್ದರೆ ಹೊಸ ಪದವೇ ಬೇಡ, ‘ಕೀರಲು ದನಿ’ ಇದೆ.

ಗ್ಲಿಚ್ ಎಂದು ಬರೆದ ಕಡೆ ‘ತೊದಲು’ ನೋಡಿ. ದನಿಯ ಚೂರೊಂದನ್ನು ಕತ್ತರಿಸಿ ಮತ್ತೆಮತ್ತೆ ಆಡಿಸುವುದು ಅದು. 128ರ ಓಟದಲ್ಲಿ ಬಡಿತದ ಕಾಲುಭಾಗದ ಚೂರು 117 ಮಿಲಿಸೆಕೆಂಡ್, ಸ್ಪಷ್ಟವಾಗಿ ತೊದಲುತ್ತದೆ. ಬಡಿತದ ಹದಿನಾರನೇ ಒಂದು ಭಾಗಕ್ಕೆ ಇಳಿಸಿದರೆ 29 ಮಿಲಿಸೆಕೆಂಡ್, ಅಂದರೆ ಸೆಕೆಂಡಿಗೆ 34 ಸಲ. ಆಗ ಕಿವಿ ಎಣಿಸುವುದನ್ನು ಬಿಟ್ಟು ಅದನ್ನೊಂದು ಸ್ವರವಾಗಿ ಕೇಳುತ್ತದೆ. ತೊದಲು ಅಲ್ಲಿಗೆ ಮುಗಿದು ‘ಗುಂಯ್‌ಗುಟ್ಟು’ ಶುರುವಾಗುತ್ತದೆ. ಕನ್ನಡದ ಅನುಕರಣಾವ್ಯಯಗಳು ಇಂಥ ಕಡೆ ಎಷ್ಟು ಕರಾರುವಾಕ್ಕು ನೋಡಿ: ಟಕಟಕ ಎಣಿಸಬಹುದು, ಗುಂಯ್ ಎಣಿಸಲಾಗದು.

ಉಳಿದವು ಬೇಗ. ‘ಪ್ರಾಯೋಗಿಕ’ ಅಂದರೆ ಲ್ಯಾಬ್ ಪರೀಕ್ಷೆ, ಇಲ್ಲವೇ ‘ಸದ್ಯಕ್ಕೆ ಮಾಡಿ ನೋಡೋಣ’. ನಾಟಕ ವಿಮರ್ಶೆಯಲ್ಲಿ ರೂಢಿಯಿರುವ ‘ಪ್ರಯೋಗಶೀಲ’ ಸರಿ. ‘ವಿದ್ಯುನ್ಮಾನ’ ಕಂಡ ತಕ್ಷಣ ಮತಯಂತ್ರ ನೆನಪಾಗುತ್ತದೆ. ‘ನೃತ್ಯ’ಕ್ಕೆ ಗೆಜ್ಜೆ ಕಟ್ಟಬೇಕಾಗುತ್ತದೆ. ಎಲೆಕ್ಟ್ರಾನಿಕ್ ಡ್ಯಾನ್ಸ್-ಪಾಪ್ ಎಂದೇ ಇರಲಿ. ‘ಪಾಪ್‌ನ’ ಎಂದು ಟೈಪ್ ಮಾಡುವಾಗ ನಡುವೆ ಶೂನ್ಯ ಅಗಲದ ಬಿಡಿಸುವ ಅಕ್ಷರ (ZWNJ) ಹಾಕದಿದ್ದರೆ ‘ಪಾಪ್ನ’ ಆಗುತ್ತದೆ. ಕೆಲವು ಫಾಂಟು ಬದಲಾವಣೆಯಲ್ಲಿ ಅರ್ಧಾಕ್ಷರವೂ ಹೋಗಿ ‘ನೃತ್ಯ ಪಾಪ’ ಉಳಿಯುತ್ತದೆ. ಕರಡು ತಿದ್ದುವಾಗ ನೋಡಿಕೊಳ್ಳಿ. ‘ಡಿಜೆ’ ಎಂದು ಎಲ್ಲಾದರೂ ಬಂದಿದ್ದರೆ ಅದು ಮನುಷ್ಯನೇ ಎಂದು ಖಾತ್ರಿ ಮಾಡಿಕೊಳ್ಳಿ. ‘ಡಿಜೆ ನಿಷೇಧ’ ಎಂದು ಪೇಪರಿನಲ್ಲಿ ಬಂದಾಗ ನಿಷೇಧವಾಗಿರುವುದು ಲಾರಿಯ ಮೇಲಿನ ಸ್ಪೀಕರ್ ಗೋಪುರ.

ಉತ್ತರ 2:

‘ಏಟು’ ಒಪ್ಪಿದೆ, ಆದರೆ ಅರ್ಧಕ್ಕೆ ಮಾತ್ರ. ಡ್ರಾಪ್ ಅನ್ನುವುದು ಆ ಕ್ಷಣಕ್ಕೂ ಹೆಸರು, ಅದರ ಬೆನ್ನಿಗೇ ಬರುವ ಹದಿನಾರು ಆವರ್ತಕ್ಕೂ ಹೆಸರು. 128ರಲ್ಲಿ ಅದು ಅರ್ಧ ನಿಮಿಷ. ಅರ್ಧ ನಿಮಿಷ ಏಟು ಬೀಳುತ್ತಲೇ ಇತ್ತು ಅಂದರೆ ಠಾಣೆಯ ವಿಷಯವಾದೀತು. ಆ ಭಾಗಕ್ಕೆ ‘ಕುಣಿತ’ ಅನ್ನೋಣ. ‘ಏಟು ಜೋರಾಗೇ ಬಿತ್ತು, ಕುಣಿತ ಕೂರಲಿಲ್ಲ’ ಎಂದು ಬರೆಯಲು ಆಗ ದಾರಿಯಾಗುತ್ತದೆ. ಕುಣಿತ ಕೂರದಿರುವುದಕ್ಕೆ ಒಂದು ಕಾರಣ ಸೈಡ್‌ಚೈನ್. ಪ್ರತಿ ಕಿಕ್‌ಗೂ ಉಳಿದ ದನಿಗಳನ್ನು ಅದುಮಿ, ಮತ್ತೆ ಏಳಲು ಬಿಡುವ ತಂತ್ರ. ಕುಲುಮೆಯ ತಿದಿ ಒತ್ತಿ ಬಿಟ್ಟ ಹಾಗೆ. ‘ಪಂಪ್ ಆಗ್ತಿದೆ’ ಎಂದು ಬರೆದವರಿಗೆ ‘ತಿದಿ ಒತ್ತಿದಂತಿದೆ’ ಎಂದು ಹಾಕಬಹುದು. ಏಳುವುದಕ್ಕೆ 200 ಮಿಲಿಸೆಕೆಂಡ್ ಕೊಟ್ಟರೆ ಮುಂದಿನ ಕಿಕ್‌ಗೆ ಮೊದಲು ದನಿ ಮೇಲೆ ಬಂದಿರುತ್ತದೆ. ಒಂದು ಬಡಿತದ 469 ದಾಟಿಸಿದರೆ ಪೂರ್ತಿ ಏಳುವ ಮೊದಲೇ ಮುಂದಿನ ಒತ್ತು ಬೀಳುತ್ತದೆ, ಹಾಡೆಲ್ಲ ನೀರಿನಡಿ ಇದ್ದಂತೆ. ‘ಮುಳುಗಿದ ದನಿ’ ಎಂದು ಯಾರಾದರೂ ಬರೆದಿದ್ದರೆ ತಿದ್ದಬೇಡಿ, ಸರಿಯಾಗಿ ಕೇಳಿದ್ದಾರೆ.

‘ಸ್ಪೀಕರ್ ಹರಿದ ಹಾಗಿದೆ’ ಒಳ್ಳೆಯ ಕನ್ನಡ, ಇರಲಿ. ಆದರೆ ಅದು ಹಾಡಿನ ಗುಣವೋ ಸ್ಪೀಕರಿನ ದೋಷವೋ ಎಂದು ಪರೀಕ್ಷಿಸುವುದು ಸುಲಭ. ವಾಲ್ಯೂಮ್ ಅರ್ಧಕ್ಕಿಳಿಸಿ. ಕರಕರ ಹೋದರೆ ಸ್ಪೀಕರಿನದು. ಸಣ್ಣ ಸದ್ದಿನಲ್ಲೂ, ಬೇರೆ ಸ್ಪೀಕರಿನಲ್ಲೂ ಕರಕರ ಉಳಿದರೆ ಧ್ವನಿಮುದ್ರಣದಲ್ಲೇ ಇದೆ, ‘ಒಡಕು ದನಿ’ ಎಂದು ಬರೆಯಿರಿ.

ಮೂರನೇ ಹಾಡಿನ ಸಾಲನ್ನು ತಿದ್ದುವ ಮೊದಲು ಬರೆದವರನ್ನು ಒಂದು ಮಾತು ಕೇಳಿ: ಹೆಡ್‌ಫೋನಿನಲ್ಲಿ ಕೇಳಿದರೋ, ಫೋನಿನಲ್ಲೋ? 50 ಹರ್ಟ್ಜ್‌ನ ಮಂದ್ರ ಫೋನಿನ ಸ್ಪೀಕರಿನಿಂದ ಹೆಚ್ಚುಕಡಿಮೆ ಹೊರಡುವುದೇ ಇಲ್ಲ; ಏರಿಕೆಯ ಸುಯ್ ಸದ್ದು ಪೂರ್ತಿ ಕೇಳಿಸಿ ಏಟು ಮಾತ್ರ ಮಾಯವಾಗಿರುತ್ತದೆ. ಫೋನಿನಲ್ಲಿ ಅಂದರೆ ಆ ಸಾಲನ್ನೇ ಕೈಬಿಡಿ. ಹೆಡ್‌ಫೋನ್ ಅಂದರೆ ಏಟೋ ಕುಣಿತವೋ ಎಂದು ಕೇಳಿ ಬರೆಯಿರಿ.