ಕಾಸ್ಮಾಸ್ ಗಿಡ ಎದೆಯೆತ್ತರ ಬೆಳೆದಿದೆ, ಮೊಗ್ಗೇ ಇಲ್ಲ

ಕೋಲಾರ_ಕೈತೋಟ:
ಆರಡಿ ಉದ್ದ, ಮೂರಡಿ ಅಗಲದ ಕೆಮ್ಮಣ್ಣಿನ ಪಾತಿ. ಎರಡು ಮಂಕರಿ ಕೊಟ್ಟಿಗೆ ಗೊಬ್ಬರ ಬೆರೆಸಿ ಜೂನ್ ಮೊದಲ ವಾರ ಗುಲಾಬಿ ಬಣ್ಣದ ಕಾಸ್ಮಾಸ್ ಬೀಜ ಹಾಕಿದ್ದು, ನಡುವೆ ಎರಡು ಸಲ ಯೂರಿಯಾನೂ ಕೊಟ್ಟಿದೆ. ಈಗ ಆಗಸ್ಟ್ ಕೊನೆ. ಗಿಡ ನಾಲ್ಕಡಿ ದಾಟಿದೆ, ಎಲೆ ಕಡುಹಸಿರು, ಮೊಗ್ಗಿಲ್ಲ, ಗಾಳಿ ಬೀಸಿದರೆ ವಾಲುತ್ತೆ. ಪಕ್ಕದ ಪಾತಿಯಲ್ಲಿ ಕಿತ್ತಳೆ ಬಣ್ಣದ್ದನ್ನು ಒಂದಿಂಚು ಆಳಕ್ಕೆ ಹಾಕಿ ಪೈಪಲ್ಲಿ ನೀರು ಬಿಟ್ಟಿದ್ದು, ಹತ್ತಕ್ಕೆ ಎರಡೂ ಮೊಳೆತಿಲ್ಲ. ಏನು ಮಾಡಬೇಕು?

ಚಿಕ್ಕಬಳ್ಳಾಪುರ_ಹೂಗಿಡ:
ಗೊಬ್ಬರ ಜಾಸ್ತಿಯಾಗಿದೆ. ಯೂರಿಯಾದಲ್ಲಿ 46% ಸಾರಜನಕ; ಅದು ಸಿಕ್ಕಷ್ಟೂ ಕಾಸ್ಮಾಸ್ ಎಲೆ, ಕಾಂಡ ಬೆಳೆಸುತ್ತೆ, ಹೂ ಮುಂದಕ್ಕೆ ಹಾಕುತ್ತೆ. ಮೆಕ್ಸಿಕೋ ಮೂಲದ ಗಿಡ ಇದು, ಬಡ ಮಣ್ಣೇ ಸಾಕು. ಅಷ್ಟಗಲದ ಪಾತಿಗೆ ಎರಡು ಬೊಗಸೆ ಹಳೇ ಗೊಬ್ಬರ ಹಾಕಿದರೆ ಹೆಚ್ಚು. ಸೇವಂತಿಗೆಗೆ ಕೊಡುವ ಹಾಗೆ ಇದಕ್ಕೆ ದಯವಿಟ್ಟು ಕೊಡಬೇಡಿ.

ಈಗ ಗೊಬ್ಬರ ಪೂರ್ತಿ ನಿಲ್ಲಿಸಿ. ಮೇಲಿನ ಎರಡಿಂಚು ಮಣ್ಣು ಒಣಗಿದ ಮೇಲಷ್ಟೇ ನೀರು. ತುದಿಯಿಂದ ಒಂದು ಗೇಣು ಕತ್ತರಿಸಿ, ಆದರೆ ಎಲೆಜೋಡಿಗೆ ಸ್ವಲ್ಪ ಮೇಲೆ: ಎಲೆಗಳು ಎದುರುಬದುರು ಇರುವುದರಿಂದ ಆ ಗೆಣ್ಣಿನಲ್ಲಿ ಎರಡು ಕವಲು ಒಡೆಯುತ್ತೆ. ಗಿಡಕ್ಕೊಂದು ಬಿದಿರು ಕಡ್ಡಿ ನೆಟ್ಟು ಸಡಿಲವಾಗಿ ಕಟ್ಟಿ. ಮುಂದಿನ ಸಲ ಗಿಡ ಒಂದಡಿ ಇರುವಾಗಲೇ ಕುಡಿ ಚಿವುಟಿ, ಆಗ ಇಷ್ಟು ಉದ್ದ ಹೋಗಲ್ಲ.

ಇನ್ನೊಂದು ವಿಷಯ, ಪಾತಿ ಮೇಲೆ ರಾತ್ರಿಯೆಲ್ಲ ಬೀದಿದೀಪ ಬೀಳುತ್ತಾ? ಇರುಳು ಉದ್ದವಾದಷ್ಟೂ ಬೇಗ ಹೂ ಬಿಡುವ ಗಿಡ ಇದು. ನಮ್ಮ ಕಡೆ ಜೂನ್‌ನಲ್ಲೂ ಹಗಲು 13 ಗಂಟೆ ದಾಟಲ್ಲ, ಅದು ತೊಂದರೆಯಲ್ಲ; ದೀಪದ ಬೆಳಕು ಮಾತ್ರ ಹೂ ತಡ ಮಾಡಬಹುದು.

ತಿಪಟೂರು_ಸಸಿ:
ಮೊಳಕೆ ವಿಷಯ ನಾನು ಹೇಳ್ತೀನಿ. ಒಂದಿಂಚು ತೀರಾ ಆಳ, ಕಾಲಿಂಚು ಸಾಕು. ಅದರ ಮೇಲೆ ಪೈಪ್ ನೀರು ರಭಸವಾಗಿ ಬಿದ್ದರೆ ಕೆಮ್ಮಣ್ಣು ಪದರ ಕಟ್ಟಿ ಗಟ್ಟಿಯಾಗುತ್ತೆ, ಮೊಳಕೆ ಅದನ್ನು ಸೀಳಿ ಬರಲಾರದು. ಬೀಜ ಹಾಕಿದ ಗೆರೆಯನ್ನು ಮಣ್ಣಿನಿಂದ ಮುಚ್ಚಬೇಡಿ, ಮರಳು ಮತ್ತು ತೊಳೆದ ತೆಂಗಿನ ನಾರಿನ ಪುಡಿ ಸಮ ಬೆರೆಸಿ ಮುಚ್ಚಿ. ನೀರು ಹೂಜಲ್ಲಿಯಲ್ಲಿ, ಅಂದರೆ ಸಣ್ಣ ತೂತಿನ ಮೂತಿಯ ನೀರಿನ ಡಬ್ಬಿಯಲ್ಲಿ. 5ರಿಂದ 10 ದಿನದಲ್ಲಿ ಮೊಳೆಯುತ್ತೆ. ಹಾಕುವ ಮೊದಲು ಬೀಜವನ್ನು ಉಗುರಲ್ಲಿ ಒತ್ತಿ ನೋಡಿ. ಟೊಳ್ಳಾಗಿ ಚಪ್ಪಟೆಯಾದರೆ ಜೊಳ್ಳು.

ಟ್ರೇಯಲ್ಲಿ ಹಾಕಿದರೆ ಸದಾ ಒದ್ದೆ ಇಡಬೇಡಿ, ಬುಡ ಕೊಳೆತು ಸಸಿ ಮಲಗಿಬಿಡುತ್ತೆ. ಮೊದಲು ಬರುವ ಎರಡು ಬೀಜದೆಲೆ ಬಿಟ್ಟು ನಿಜವಾದ ಎಲೆ ನಾಲ್ಕು ಬಂದಾಗ ಸಂಜೆ ಹೊತ್ತು ಒಂದಡಿ ಅಂತರಕ್ಕೆ ನಾಟಿ ಮಾಡಿ. ಕಳೆ ಕೀಳುವಾಗ ಗೊತ್ತಿರಲಿ: ಗುಲಾಬಿ ಜಾತಿಯ ಎಲೆ ಸಬ್ಬಸಿಗೆ ಸೊಪ್ಪಿನ ಹಾಗೆ ಎಳೆ ಎಳೆ, ಕಿತ್ತಳೆಯದ್ದು ಅಗಲ.

ಕೋಲಾರ_ಕೈತೋಟ:
ಬೀದಿದೀಪ ಇದೆ, ಒಂದು ಮೂಲೆಗೆ ಬೀಳುತ್ತೆ. ಇವತ್ತೇ ತುದಿ ಕತ್ತರಿಸ್ತೀನಿ. ಹೂ ಬಂದ ಮೇಲೆ ಅದರ ಬೀಜವನ್ನೇ ಇಟ್ಟುಕೊಳ್ಳಬಹುದಾ?

ಚಿಕ್ಕಬಳ್ಳಾಪುರ_ಹೂಗಿಡ:
ಇಡಬಹುದು. ಬಾಡಿದ ಹೂ ಕೀಳುತ್ತಾ ಇದ್ದರೆ ಹೊಸ ಮೊಗ್ಗು ಬರುತ್ತೆ, ಬೀಜಕ್ಕೆ ಅಂತ ನಾಲ್ಕೈದು ಹೂ ಮಾತ್ರ ಬಿಡಿ. ಬೀಜ ಹಸಿರು ಹೋಗಿ ಕಪ್ಪು ಕಂದಾಗಿ, ನಕ್ಷತ್ರದ ಹಾಗೆ ಬಿಚ್ಚಿಕೊಂಡ ಕೂಡಲೇ ಕೀಳಿ, ತಡವಾದರೆ ಉದುರಿಹೋಗುತ್ತೆ. ನೆರಳಲ್ಲಿ ಒಣಗಿಸಿ ಕಾಗದದ ಪೊಟ್ಟಣದಲ್ಲಿ ಇಡಿ. ಜೇನುನೊಣ ಪರಾಗ ಬೆರೆಸುವುದರಿಂದ ಬಣ್ಣ ಅದೇ ಬರುತ್ತೆ ಅನ್ನೋಕಾಗಲ್ಲ.