ವಿಂಡ್‌ಶೀಲ್ಡ್ ಹಾಕಿದ ಮೇಲೆ ತಲೆ ಜಾಸ್ತಿ ಅಲ್ಲಾಡುತ್ತಿದೆ, ಇನ್ನೂ ದೊಡ್ಡದು ಹಾಕಿಸಬೇಕಾ?

ಕಟಪಾಡಿ_350:
ನನ್ನದು ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಮನೆ ಕಟಪಾಡಿ, ಕೆಲಸ ಬೈಕಂಪಾಡಿ. ದಿನಾ ಹೆದ್ದಾರಿ 66ರಲ್ಲೇ ಹೋಗಿ ಬರುವುದು. 75-80ರಲ್ಲಿ ಹೋಗುವಾಗ ಎದೆಗೆ ಗಾಳಿ ನೂಕುತ್ತದೆ ಅಂತ ಹೋದ ತಿಂಗಳು ಹೆಡ್‌ಲೈಟಿನ ಮೇಲೆ ಕೂರುವ ಗಿಡ್ಡ ವಿಂಡ್‌ಶೀಲ್ಡ್ ಒಂದು ಹಾಕಿಸಿದೆ. ಎದೆಗೆ ಗಾಳಿ ಕಮ್ಮಿಯಾದದ್ದು ಸತ್ಯ. ಆದರೆ ಈಗ ಹೆಲ್ಮೆಟ್ ಒಳಗೆ ಡಬಡಬ ಅಂತ ಶುರುವಾಗಿದೆ ಮಾರಾಯ್ರೆ, ಯಾರೋ ಹಿಂದಿನಿಂದ ತಲೆ ಹಿಡಿದು ಅಲ್ಲಾಡಿಸಿದ ಹಾಗೆ. ಪಡುಬಿದ್ರಿ ದಾಟುವಾಗ ಮುಂದಿನ ಲಾರಿಯ ನಂಬರ್ ಸಹ ಎರಡೆರಡು ಕಾಣುತ್ತದೆ. ಮನೆಗೆ ಬಂದ ಮೇಲೂ ಅರ್ಧ ಗಂಟೆ ಕಿವಿಯಲ್ಲಿ ಗುಂಯ್.

ಅಂಗಡಿಯವರನ್ನು ಕೇಳಿದರೆ "ನಿಮ್ಮ ಹೈಟಿಗೆ ಇದು ಸಾಲುವುದಿಲ್ಲ, ದೊಡ್ಡದು ಹಾಕಿ" ಎನ್ನುತ್ತಾರೆ. ನಾನು 5 ಅಡಿ 11 ಇಂಚು. ದೊಡ್ಡದಕ್ಕೆ ಇದರ ಮೂರು ಪಟ್ಟು ರೇಟು. ಹಾಕಿದರೆ ಸರಿಯಾಗುತ್ತದಾ, ಅಥವಾ ಸುಮ್ನೆ ದುಡ್ಡು ದಂಡವಾ?

ಪಡುಗಾಳಿ:
ಸದ್ಯಕ್ಕೆ ಏನೂ ತಗೊಳ್ಳಬೇಡಿ. ಮೊದಲು ಗಾಳಿ ನಿಮಗೆ ಎಲ್ಲಿ ಹೊಡೆಯುತ್ತಿದೆ ಅಂತ ನೋಡಿ.

ಮುಲ್ಕಿಯಲ್ಲಿ ಶಾಂಭವಿ ಸೇತುವೆಯ ಕಂಬದ ಹಿಂದೆ ನೀರು ಹೇಗೆ ಸುಳಿ ಸುತ್ತುತ್ತದೆ ನೋಡಿದ್ದೀರಲ್ವಾ? ಶೀಲ್ಡಿನ ಅಂಚಿನ ಹಿಂದೆಯೂ ಅದೇ ಆಗುವುದು. ಮೇಲಿಂದ ಹೋಗುವ ಗಾಳಿ ಜೋರು, ಶೀಲ್ಡಿನ ಹಿಂದೆ ಒತ್ತಡ ಕಮ್ಮಿ, ಎರಡೂ ಸೇರುವ ಕಡೆ ಸುಳಿ. ಆ ಸುಳಿಯಲ್ಲಿ ನಿಮ್ಮ ಹೆಲ್ಮೆಟ್ ಸಿಕ್ಕಿಬಿದ್ದಿದೆ. ಶೀಲ್ಡ್ ಇಲ್ಲದಾಗ ಗಾಳಿ ಜೋರಾಗಿಯೇ ಬರುತ್ತಿತ್ತು, ಆದರೆ ಒಂದೇ ಸಮ ಬರುತ್ತಿತ್ತು. ಕುತ್ತಿಗೆ ಅದಕ್ಕೆ ಹೊಂದಿಕೊಳ್ಳುತ್ತದೆ, ಡಬಡಬಕ್ಕೆ ಹೊಂದಿಕೊಳ್ಳುವುದಿಲ್ಲ. ವೇಗ ಏರಿದ ಹಾಗೆ ಗಾಳಿಯ ಹೊಡೆತ ಅದರ ವರ್ಗದ ಲೆಕ್ಕದಲ್ಲಿ ಏರುವುದು. 60ರಲ್ಲಿ ಇದ್ದದ್ದು 80ಕ್ಕೆ ಹೋದರೆ ಹತ್ತಿರಹತ್ತಿರ 1.8 ಪಟ್ಟು. ಅದಕ್ಕೇ 60ರಲ್ಲಿ ನಿಮಗೆ ಅಷ್ಟು ಗೊತ್ತಾಗುವುದಿಲ್ಲ.

ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುವಾಗ 65-70ರಲ್ಲಿ ಹೋಗಿ, ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಸೀಟಿನಿಂದ ನಾಲ್ಕು ಇಂಚು ಎದ್ದು ನೋಡಿ. ಸದ್ದು ಒಮ್ಮೆಲೇ ನಿಂತು ಬರೀ ನೇರ ಗಾಳಿ ಬಂದರೆ ಶೀಲ್ಡ್ ನಿಮಗೆ ಎತ್ತರ ಆಯಿತು ಅಂತ ಅರ್ಥ, ಗಿಡ್ಡ ಅಂತ ಅಲ್ಲ. ಆಮೇಲೆ ಬಗ್ಗಿ ಗಡ್ಡ ಟ್ಯಾಂಕಿನ ಕಡೆ ತನ್ನಿ. ಎಷ್ಟು ಇಂಚು ಬಗ್ಗಿದಾಗ ಶಾಂತ ಆಗುತ್ತದೋ, ದೊಡ್ಡದೇ ಹಾಕುವುದಾದರೆ ಈಗಿನ ಶೀಲ್ಡಿಗಿಂತ ಸುಮಾರು ಅಷ್ಟು ಎತ್ತರ ಜಾಸ್ತಿ ಬೇಕು. ಇದಕ್ಕೆ ಪೆಟ್ರೋಲ್ ಬಿಟ್ಟು ಬೇರೆ ಖರ್ಚಿಲ್ಲ.

ಬುಲೆಟ್_ಮಾವ:
ಬಿಚ್ಚಿ ಬಿಸಾಡಿ ಅದನ್ನು. ಮೂವತ್ತು ವರ್ಷದಿಂದ ಬೈಕ್ ಓಡಿಸುತ್ತಿದ್ದೇನೆ, ಶೀಲ್ಡ್ ಇಲ್ಲದೆ ಒಂದು ದಿನವೂ ತಲೆ ಅಲ್ಲಾಡಲಿಲ್ಲ.

ಶಿರಾಡಿ_ಸವಾರ:
ಮಾವ, ನೀವು ಹೋಗುವುದು 50ರಲ್ಲಿ, ಅದನ್ನೂ ಸ್ವಲ್ಪ ಹೇಳಿ 😀 ಜೂನ್-ಜುಲೈಯಲ್ಲಿ ಶೀಲ್ಡ್ ಇಲ್ಲದೆ ಸುರತ್ಕಲ್‌ನಿಂದ ಉಡುಪಿಗೆ ಬನ್ನಿ. ಮಳೆ ಹನಿ ಎದೆಗೆ ಕಲ್ಲು ಹೊಡೆದ ಹಾಗೆ ಬೀಳುತ್ತದೆ.

ಕಟಪಾಡಿಯವರೇ, ನಾನು ದೊಡ್ಡದು ಹಾಕಿ ಅನುಭವಿಸಿದವ, ಹಾಗಾಗಿ ಹೇಳುತ್ತೇನೆ. ನನ್ನ ಹಳೆ ಬೈಕಿಗೆ ಕಣ್ಣಿಗಿಂತ ಎತ್ತರದ್ದು ಹಾಕಿಸಿದ್ದೆ. ಹಗಲು ಸ್ವರ್ಗ. ರಾತ್ರಿ ಮಳೆಯಲ್ಲಿ ಎದುರಿನ ಬಸ್ಸಿನ ಲೈಟು ಬಿದ್ದರೆ ಇಡೀ ಶೀಲ್ಡ್ ಬೆಳ್ಳಗೆ, ರಸ್ತೆಯೇ ಕಾಣುವುದಿಲ್ಲ. ಅದಕ್ಕೆ ವೈಪರ್ ಇಲ್ಲವಲ್ಲ! ಹೆಲ್ಮೆಟ್ ಗ್ಲಾಸನ್ನಾದರೆ ಗ್ಲೌಸಿನಿಂದ ಒರೆಸಬಹುದು. ಮತ್ತೆ ಒಮ್ಮೆ ಮರವಂತೆಯಲ್ಲಿ, ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ನಾನು, ಅಡ್ಡಗಾಳಿ ಬಂದಾಗ ಹ್ಯಾಂಡಲ್ ತನ್ನಷ್ಟಕ್ಕೆ ತಿರುಗಿದ ಹಾಗಾಯಿತು. ಕ್ಲಾಸಿಕ್‌ನಲ್ಲಿ ಹೆಡ್‌ಲೈಟ್ ಇರುವುದು ಫೋರ್ಕಿನ ಮೇಲೆ, ಅದಕ್ಕೆ ಕಟ್ಟಿದ ಶೀಲ್ಡ್ ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಗಾಳಿ ಶೀಲ್ಡಿಗೆ ಹೊಡೆದರೆ ಅದು ಸ್ಟೀರಿಂಗಿಗೇ ಹೊಡೆದ ಹಾಗೆ, ದೋಣಿಗೆ ಹಾಯಿ ಕಟ್ಟಿದ ಲೆಕ್ಕ. ಹಿಮಾಲಯನ್ ಬೈಕಿನಲ್ಲಿ ಶೀಲ್ಡ್ ಫ್ರೇಮಿಗೆ ಕೂತಿರುತ್ತದೆ, ಅದರ ಕಥೆ ಬೇರೆ.

ತಗೊಳ್ಳುವುದೇ ಆದರೆ ಸೀಟಿನಲ್ಲಿ ಕೂತಾಗ ಮೇಲಿನ ಅಂಚು ನಿಮ್ಮ ಮೂಗಿನ ಮಟ್ಟಕ್ಕೆ ಬರಬೇಕು, ಅದಕ್ಕಿಂತ ಮೇಲೆ ಬೇಡ. ಗಾಳಿ ಅಂಚಿನಿಂದ ಇನ್ನೂ ಮೇಲಕ್ಕೆ ಚಿಮ್ಮಿ ಹೋಗುತ್ತದೆ. ನೀವು ಶೀಲ್ಡಿನ ಮೇಲಿಂದ ನೋಡಬೇಕು, ಅದರ ಒಳಗಿಂದ ಅಲ್ಲ. ದುಡ್ಡು ಕೊಡುವ ಮೊದಲು ಬ್ಯಾನರಿನವರ ಹತ್ತಿರ ಸಿಗುವ ಸನ್‌ಪ್ಯಾಕ್ ಶೀಟ್ ತುಂಡನ್ನು ಈಗಿರುವ ಶೀಲ್ಡಿಗೆ ಟೇಪ್ ಹಾಕಿ ಗಟ್ಟಿ ಅಂಟಿಸಿ, ಒಳರಸ್ತೆಯಲ್ಲಿ 50ರಲ್ಲಿ ಓಡಿಸಿ ನೋಡಿ. ಎರಡು ಇಂಚು ಎತ್ತರಿಸಿದರೆ ಏನಾಗುತ್ತದೆ, ನಾಲ್ಕು ಇಂಚಿಗೆ ಏನಾಗುತ್ತದೆ, ಗೊತ್ತಾಗುತ್ತದೆ. ನೋಡಲು ಚಂದ ಇಲ್ಲ, ಜನ ನಗುತ್ತಾರೆ. ನಗಲಿ.

ಪಡುಗಾಳಿ:
ಸನ್‌ಪ್ಯಾಕ್ ಐಡಿಯಾ ಒಳ್ಳೆಯದುಂಟು. ಒಂದು ಮರೆತಿದ್ದೆ. ಶೀಲ್ಡ್ ಹೆಡ್‌ಲೈಟಿಗೆ ಪೂರ್ತಿ ಅಂಟಿಕೊಂಡು ಕೂತಿದ್ದರೆ ಅದರ ಬುಡಕ್ಕೆ ರಬ್ಬರ್ ವಾಷರ್ ಕೊಟ್ಟು ಹೆಬ್ಬೆರಳು ಹೋಗುವಷ್ಟು ಸಂದು ಬಿಡಿ. ಕೆಳಗಿನಿಂದ ಸ್ವಲ್ಪ ಗಾಳಿ ಹಿಂದೆ ಬಂದರೆ ಅಲ್ಲಿನ ಒತ್ತಡ ಸಮ ಆಗುತ್ತದೆ, ಸುಳಿ ಕಮ್ಮಿ. ವಾಲಿಸುವುದನ್ನೂ ನೋಡಿ: ಹಿಂದಕ್ಕೆ ವಾಲಿಸಿದರೆ ಗಾಳಿ ಕೆಳಗೆ ಹೋಗುತ್ತದೆ, ನೆಟ್ಟಗೆ ನಿಲ್ಲಿಸಿದರೆ ಮೇಲೆ. ಒಂದು ದಿನಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ಮಾಡಿದರೆ ಯಾವುದರಿಂದ ಏನಾಯಿತು ಗೊತ್ತಾಗುವುದಿಲ್ಲ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದ್ದೇ ಹಾಕಿ, ನಮ್ಮ ಉಪ್ಪುಗಾಳಿಗೆ ಉಳಿದದ್ದು ಒಂದು ಮಳೆಗಾಲಕ್ಕೇ ತುಕ್ಕು.

ಮಣಿಪಾಲ_ಮೈಲೇಜ್:
ಹೆಲ್ಮೆಟ್ ಬಗ್ಗೆ ಯಾರೂ ಕೇಳಲಿಲ್ವಾ? ಎಷ್ಟು ಹಳತು? ಮುಂದೆ ಕ್ಯಾಪ್ ತರಹ ಚಾಚಿದ ಪೀಕ್ ಉಂಟಾ? ಗಡ್ಡದ ಹತ್ತಿರ ಹಿಡಿದು ಅಲ್ಲಾಡಿಸಿದರೆ ಕೆನ್ನೆಯ ಚರ್ಮ ಹೆಲ್ಮೆಟ್ ಜೊತೆ ಬರಬೇಕು. ಹೆಲ್ಮೆಟ್ ಮಾತ್ರ ತಿರುಗಿದರೆ ಅದು ಲೂಸ್. ಲೂಸ್ ಹೆಲ್ಮೆಟಿಗೆ ಯಾವ ಶೀಲ್ಡ್ ಹಾಕಿದರೂ ಅಲ್ಲಾಡುತ್ತದೆ, ಬಿದ್ದಾಗ ಕಾಪಾಡುವುದೂ ಇಲ್ಲ. ಕಿವಿ ಗುಂಯ್ ಅನ್ನುವುದನ್ನು ಸಣ್ಣದು ಅಂದುಕೊಳ್ಳಬೇಡಿ. ಮೆಡಿಕಲ್‌ನಲ್ಲಿ ಫೋಮಿನ ಇಯರ್‌ಪ್ಲಗ್ ಸಿಗುತ್ತದೆ, ಅದನ್ನು ಹಾಕಿದರೂ ಹಾರ್ನ್ ಕೇಳುತ್ತದೆ.

ಕಟಪಾಡಿ_350:
ಎರಡು ವಾರ ಆಯಿತು, ವರದಿ ಒಪ್ಪಿಸುತ್ತಿದ್ದೇನೆ.

ಎದ್ದು ನಿಂತ ಕೂಡಲೇ ಸದ್ದು ಮಾಯ. ಎಷ್ಟು ಮಾಯ ಅಂದರೆ ಇಂಜಿನ್ ಸದ್ದು ಕೇಳಿ ನನಗೇ ಆಶ್ಚರ್ಯ. ಬಗ್ಗಿದರೆ ಆರೇಳು ಇಂಚು ಬಗ್ಗಬೇಕು, ಅಂದರೆ ದೊಡ್ಡದು ಹಾಕಿದ್ದರೆ ಶಿರಾಡಿಯವರ ಕಥೆಯೇ ಆಗುತ್ತಿತ್ತು. ಮಾವನ ಮಾತಿಗೂ ಬೆಲೆ ಕೊಟ್ಟು ಒಂದು ದಿನ ಬಿಚ್ಚಿಯೇ ಹೋದೆ. ತಲೆ ಕಲ್ಲಿನ ಹಾಗೆ ನಿಂತಿತು, ಆದರೆ ಬೈಕಂಪಾಡಿ ಮುಟ್ಟುವಾಗ ಭುಜ ಸೋತಿತ್ತು. ವಾಪಸ್ ಹಾಕಿದೆ, ವಾಷರ್ ಕೊಟ್ಟು ಸಂದು ಬಿಟ್ಟೆ, ಮೂರನೇ ದಿನ ಸ್ವಲ್ಪ ಹಿಂದಕ್ಕೆ ವಾಲಿಸಿದೆ. ಸುಳಿ ಈಗ ಗಂಟಲಿನ ಹತ್ತಿರ ಇಳಿದಿದೆ, ಜಾಕೆಟಿನ ಕಾಲರ್ ಪಟಪಟ ಅನ್ನುತ್ತದೆ ಅಷ್ಟೇ.

ಹೆಲ್ಮೆಟ್ ವಿಷಯದಲ್ಲಿ ಮಾತ್ರ ನಾಚಿಕೆ ಆಯಿತು. ಕೆನ್ನೆ ಅಲ್ಲಾಡಲೇ ಇಲ್ಲ, ಹೆಲ್ಮೆಟ್ ಪೂರ್ತಿ ತಿರುಗಿತು. ಐದು ವರ್ಷದ ಹಳತು, ಒಂದು ಸೈಜ್ ದೊಡ್ಡದು ಬೇರೆ. ದೊಡ್ಡ ಶೀಲ್ಡಿಗೆ ಇಟ್ಟ ದುಡ್ಡು ಹೊಸ ಹೆಲ್ಮೆಟಿಗೆ ಹೋಯಿತು. ಈಗ 80ರಲ್ಲಿ ಲಾರಿಯ ನಂಬರ್ ಒಂದೇ ಕಾಣುತ್ತದೆ. ಆದರೆ ಲಾರಿಯ ಹಿಂದೆಯೇ ಹೋದರೆ ಮತ್ತೆ ಡಬಡಬ.

ಪಡುಗಾಳಿ:
ಅದು ಲಾರಿಯ ಸುಳಿ ಮಾರಾಯ್ರೆ, ನಿಮ್ಮ ಶೀಲ್ಡಿನದ್ದಲ್ಲ. ದೂರ ಬಿಡಿ, ಇಲ್ಲಾ ಓವರ್‌ಟೇಕ್ ಮಾಡಿ.