ಹೊಸ ಸ್ಟೀರಿಯೊ ಪದೇ ಪದೇ ಆರಿ ಹತ್ತುತ್ತಿದೆ, ಸೆಟ್ಟಿಂಗ್ ಉಳಿಯುತ್ತಿಲ್ಲ: ದಯವಿಟ್ಟು ದಾರಿ ತೋರಿಸಿ

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ಕಾರಿನ ಜೊತೆಗೇ ಬಂದಿದ್ದ ಹಳೆಯ ಸ್ಟೀರಿಯೊ ತೆಗೆಸಿ 9 ಇಂಚಿನ ಆಂಡ್ರಾಯ್ಡ್ ಸ್ಟೀರಿಯೊ ಹಾಕಿಸಿದಾಗಿನಿಂದ ನೆಮ್ಮದಿಯಿಲ್ಲ. ಧ್ವನಿ ಸ್ವಲ್ಪ ಏರಿಸಿದರೆ ಸಾಕು, ಪರದೆ ಕಪ್ಪಾಗಿ, ಕಂಪನಿಯ ಚಿಹ್ನೆ ಮೂಡಿ, ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. ಸೆಲ್ಫ್ ಹೊಡೆದಾಗಲೂ ಹಾಗೆಯೇ ಆಗುತ್ತದೆ. ಕೀ ತೆಗೆದು ಮತ್ತೆ ಹಾಕಿದರೆ ಗಡಿಯಾರ, ರೇಡಿಯೊ ಕೇಂದ್ರಗಳು, ಈಕ್ವಲೈಜರ್ ಯಾವುದೂ ಉಳಿದಿರುವುದಿಲ್ಲ. ಹಾಕಿಕೊಟ್ಟ ಅಂಗಡಿಯವರನ್ನು ಕೇಳಿದರೆ ಆಂಡ್ರಾಯ್ಡ್ ಎಂದರೆ ಹೀಗೆಯೇ ಎಂದು ಕಳುಹಿಸಿಬಿಟ್ಟರು. ವೈರಿಂಗ್ ಎಲ್ಲ ಸರಿಯಾಗಿದೆ. ಸ್ಟೀರಿಯೊವೇ ಕೆಟ್ಟದ್ದೆಂದು ವಾರಂಟಿಯಲ್ಲಿ ಬದಲಿಸಿಕೊಡಲು ಕೇಳಬಹುದೇ?

ಹಳೇಮೈಸೂರು ಗ್ಯಾರೇಜ್:
ಇದು ಬ್ಯಾಟರಿಯ ತೊಂದರೆ. ಧ್ವನಿ ಏರಿಸಿದಾಗ ಆರುವುದು, ಸೆಲ್ಫ್ ಹೊಡೆದಾಗ ಆರುವುದು, ಇವೆರಡೂ ದಣಿದ ಬ್ಯಾಟರಿಯ ಲಕ್ಷಣಗಳು. ನಿಮ್ಮ ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ ಎಂದು ಮೊದಲು ತಿಳಿಸಿ. ಮೂರು ನಾಲ್ಕು ವರ್ಷ ದಾಟಿದ್ದರೆ ಬೇರೇನೂ ನೋಡದೆ ಬದಲಿಸಿ.

ತಂತಿ ಮತ್ತು ತಾಮ್ರ:
ದಾರಿಹೋಕರೇ, ವೈರಿಂಗ್ ಸರಿಯಾಗಿದೆ ಎಂದಿದ್ದೀರಿ, ಆದರೆ ಹೇಗಿದೆ ಎಂದು ಬರೆದಿಲ್ಲ. ಕಾರು ಯಾವುದು, ಯಾವ ವರ್ಷದ್ದು, ಸ್ಟೀರಿಯೊವಿನ ಹಳದಿ, ಕೆಂಪು ಮತ್ತು ಕಪ್ಪು ತಂತಿಗಳು ಕಾರಿನ ಯಾವ ತಂತಿಗಳಿಗೆ ಸೇರಿವೆ, ಕಾರಿಗೆ ಹೊಂದುವ ಕಪ್ಲರ್ (ತಂತಿಗಳನ್ನು ಸೇರಿಸುವ ಪ್ಲಗ್) ಬಳಸಿದ್ದಾರೆಯೇ ಅಥವಾ ಮೂಲ ತಂತಿಗಳನ್ನು ಕತ್ತರಿಸಿ ಸುತ್ತಿದ್ದಾರೆಯೇ ಎಂಬುದು ಗೊತ್ತಾಗದೆ ಯಾರೂ ಖಚಿತವಾಗಿ ಹೇಳಲಾರರು. ಹಳದಿಗೆ ಕೀ ತೆಗೆದ ಮೇಲೂ 12 ವೋಲ್ಟ್ ಸಿಗುತ್ತಿರಬೇಕು. ನೆನಪು ಉಳಿಯುವುದು ಅದರಿಂದಲೇ, ಧ್ವನಿವರ್ಧಕಗಳಿಗೆ ಹೋಗುವ ಭಾರಿ ಕರೆಂಟೂ ಅದರಲ್ಲಿಯೇ ಹರಿಯುತ್ತದೆ. ಕೆಂಪು ಕೇವಲ ಸೂಚನೆಯ ತಂತಿ, ಕೀಯನ್ನು ಎಸಿಸಿಗೆ (ಎಂಜಿನ್ ಶುರುವಾಗದೆ ರೇಡಿಯೊದಂಥವು ಮಾತ್ರ ಹತ್ತುವ ಸ್ಥಾನಕ್ಕೆ) ತಿರುಗಿಸಿದಾಗ ಎದ್ದೇಳು ಎಂದು ಹೇಳುವುದಷ್ಟೇ ಅದರ ಕೆಲಸ. ನಿಮ್ಮ ಸೆಟ್ಟಿಂಗ್‌ಗಳು ಅಳಿಸಿಹೋಗುತ್ತಿವೆ ಎಂದರೆ ಹಳದಿಗೆ ಸದಾ ಕರೆಂಟು ಸಿಗುತ್ತಿಲ್ಲ ಎಂದೇ ಅರ್ಥ. ಬ್ಯಾಟರಿ ಎಷ್ಟೇ ಹಳೆಯದಾದರೂ, ಕಾರು ನಿಂತಿರುವಾಗ ಗಡಿಯಾರದ ನೆನಪನ್ನು ಅಳಿಸುವುದಿಲ್ಲ.

ದಾರಿಹೋಕ:
ಕಾರು 2012ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಬ್ಯಾಟರಿ ಕಳೆದ ವರ್ಷವಷ್ಟೇ ಹಾಕಿಸಿದ್ದು, 35 ಎಎಚ್ (ಆಂಪಿಯರ್-ಗಂಟೆ). ಮಲ್ಟಿಮೀಟರ್ ನನ್ನ ಬಳಿಯಿದೆ. ಎಂಜಿನ್ ಆರಿಸಿದಾಗ ಬ್ಯಾಟರಿಯಲ್ಲಿ 12.5, ಓಡುತ್ತಿರುವಾಗ 14.1 ವೋಲ್ಟ್ ಬಂತು. ಸ್ಟೀರಿಯೊ ಹಿಂದಿನ ಹಳದಿ ತಂತಿಯಲ್ಲಿಯೂ 12.4 ಇದೆ. ಹಾಗಾಗಿ ಕರೆಂಟು ಸರಿಯಾಗಿಯೇ ಬರುತ್ತಿದೆ.

ಹಳೇಮೈಸೂರು ಗ್ಯಾರೇಜ್:
ನಿಂತ ಬ್ಯಾಟರಿ 12.5 ತೋರಿಸುವುದು ದೊಡ್ಡ ವಿಷಯವಲ್ಲ, ಒಳಗಿನ ಒಂದು ಸೆಲ್ ಸೋತಿದ್ದರೂ ಕೆಲವೊಮ್ಮೆ ಹಾಗೆ ತೋರಿಸುತ್ತದೆ. ಸೆಲ್ಫ್ ಹೊಡೆಯುವಾಗ ಟರ್ಮಿನಲ್ಲಿನ ಮೇಲೆಯೇ ಅಳೆಯಿರಿ. 9.6ಕ್ಕಿಂತ ಕೆಳಗೆ ಇಳಿದರೆ ನಾನು ಹೇಳಿದ್ದೇ ಸರಿ.

ಕರಾವಳಿ ಕಾರು:
ನನಗೆ ಕಾಣುವುದು ಅರ್ಥಿಂಗ್ ದೋಷ, ಅಂದರೆ ಕಪ್ಪು ತಂತಿ ಕಾರಿನ ಲೋಹದ ಮೈಗೆ ಸರಿಯಾಗಿ ಸೇರಿಲ್ಲ. ಮಂಗಳೂರಿನ ತೇವಕ್ಕೆ ಡ್ಯಾಶ್‌ಬೋರ್ಡ್ ಒಳಗಿನ ಅರ್ಥ್ ಬೋಲ್ಟ್‌ಗಳು ಹಸಿರುಗಟ್ಟಿರುವುದನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಪ್ಪು ತಂತಿಯನ್ನು ಬಣ್ಣ ಬಳಿದ ಪಟ್ಟಿಗೆ ಸ್ಕ್ರೂ ಮಾಡಿ ಬಿಟ್ಟಿದ್ದರೂ ಇದೇ ಲಕ್ಷಣಗಳು ಬರುತ್ತವೆ. ಬಣ್ಣವನ್ನು ಉಜ್ಜಿ, ಲೋಹ ಹೊಳೆಯುವಂತೆ ಮಾಡಿ ಕಟ್ಟಿ ನೋಡಿ, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ.

ನಾದಪ್ರಿಯ:
ಕಪ್ಲರ್‌ನಲ್ಲಿ ಹಳದಿ ಮತ್ತು ಕೆಂಪು ಅದಲುಬದಲಾಗಿರುವ ಸಾಧ್ಯತೆಯನ್ನೂ ಗಮನಿಸಬೇಕು. ಐಎಸ್‌ಒ (ಅಂತರರಾಷ್ಟ್ರೀಯ ಮಾನದಂಡದ) ಕಪ್ಲರಿನ ಪವರ್ ಭಾಗದಲ್ಲಿ 4ನೆಯ ಪಿನ್ ಸದಾ ಕರೆಂಟಿನದು, 7ನೆಯದು ಕೀಯಿಂದ ಬರುವುದು. ಆದರೆ ಫೋಕ್ಸ್‌ವ್ಯಾಗನ್ ಗುಂಪಿನ ಹಳೆಯ ಕಾರುಗಳಲ್ಲಿ ಇವೆರಡು ತಿರುವುಮುರುವಾಗಿರುತ್ತವೆ. ಅದಕ್ಕಾಗಿಯೇ ಹಲವು ಕಪ್ಲರ್‌ಗಳಲ್ಲಿ ಕೆಂಪು ಮತ್ತು ಹಳದಿ ತಂತಿಗಳ ನಡುವೆ ಬಿಡಿಸಿ ಬದಲಿಸಬಹುದಾದ ಬುಲೆಟ್ ಜೋಡಣೆ ಕೊಟ್ಟಿರುತ್ತಾರೆ. ನನ್ನ ಕಾರಿನಲ್ಲಿ ಈ ಗೊಂದಲವೇ ಇಲ್ಲ: ಬ್ಯಾಟರಿಯಿಂದ ನೇರವಾಗಿ 4 ಗೇಜ್ ತಂತಿ ಎಳೆದು, 1 ಫ್ಯಾರಡ್ ಕೆಪಾಸಿಟರ್ ಕೂರಿಸಿ, ಬೇರೆ ಆಂಪ್ಲಿಫೈಯರಿಗೆ ಕೊಟ್ಟಿದ್ದೇನೆ. ಬಾಸ್ ಎಷ್ಟು ಏರಿಸಿದರೂ ಹೆಡ್‌ಲೈಟ್ ಮಿನುಗುವುದಿಲ್ಲ.

ತಂತಿ ಮತ್ತು ತಾಮ್ರ:
ನಾದಪ್ರಿಯರೇ, ನಿಮ್ಮ ಜೋಡಣೆ ಆಂಪ್ಲಿಫೈಯರಿಗೆ ಯೋಗ್ಯವಾದದ್ದೇ, ಆದರೆ ಇಲ್ಲಿರುವುದು ಸ್ಟೀರಿಯೊ ಮಾತ್ರ. ಡಬ್ಬಿಯ ಮೇಲೆ 4×50 ವ್ಯಾಟ್ ಎಂದು ಬರೆದಿದ್ದರೂ, 14.4 ವೋಲ್ಟ್‌ನಲ್ಲಿ 4 ಓಮ್‌ನ ಸ್ಪೀಕರಿಗೆ ಅದರೊಳಗಿನ ಆಂಪ್ಲಿಫೈಯರ್ ನಿಜವಾಗಿ ಕೊಡಬಲ್ಲದ್ದು ಚಾನೆಲ್ಲಿಗೆ 20 ವ್ಯಾಟ್ ಆಸುಪಾಸು. ಅಂಥದಕ್ಕೆ 10 ಅಥವಾ 15 ಆಂಪಿಯರ್‌ನ ಫ್ಯೂಸ್ ಸಾಕಾಗುತ್ತದೆ, ಕೆಪಾಸಿಟರಿನ ಅಗತ್ಯವಿಲ್ಲ. ಮಾರ್ಗದ ನಡುವೆ ಕೆಟ್ಟ ಜೋಡಣೆ ಇದ್ದರೆ ಕೆಪಾಸಿಟರ್ ಅದನ್ನು ಸರಿಪಡಿಸುವುದೂ ಇಲ್ಲ.

ದಾರಿಹೋಕರೇ, ಎಲ್ಲರೂ ಗಮನಿಸಬೇಕಾದ ವಿಷಯ ನಿಮ್ಮ 12.4 ವೋಲ್ಟ್. ಡಿಜಿಟಲ್ ಮಲ್ಟಿಮೀಟರಿನ ಒಳಗಿನ ರೋಧ ಸಾಮಾನ್ಯವಾಗಿ 10 ಮೆಗಾಓಮ್‌ನಷ್ಟು ಇರುವುದರಿಂದ ಅದು ತಂತಿಯಿಂದ ಹೆಚ್ಚುಕಡಿಮೆ ಏನನ್ನೂ ಸೆಳೆಯುವುದಿಲ್ಲ. ತಂತಿಯಲ್ಲಿ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ, ಫ್ಯೂಸಿನ ಕಾಲಿಗೆ ಕಿಲುಬು ಹತ್ತಿದ್ದರೂ, ಮೀಟರ್ ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ನಲ್ಲಿಯಿಂದ ಹನಿ ಹನಿಯಾಗಿ ಬೀಳುವ ನೀರನ್ನು ನೋಡಿ ಪೈಪಿನ ಅಗಲವನ್ನು ಹೇಳಲಾಗದು, ಹಾಗೆಯೇ ಇದೂ. ಆದ್ದರಿಂದ ಭಾರ ಹಾಕಿ ಅಳೆಯಬೇಕು. 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದನ್ನು ಹೋಲ್ಡರ್ ಸಮೇತ ತೆಗೆದುಕೊಂಡು, ಸ್ಟೀರಿಯೊವಿನ ಕಪ್ಲರನ್ನು ಬಿಚ್ಚಿ, ಕಾರಿನ ಕಡೆಯ ಹಳದಿ ಮತ್ತು ಕಪ್ಪಿಗೆ ಜೋಡಿಸಿ. ಅದು ಸುಮಾರು 1.75 ಆಂಪಿಯರ್ ಸೆಳೆಯುತ್ತದೆ. ಬಲ್ಬ್ ಉರಿಯುತ್ತಿರುವಾಗಲೇ ಆ ಎರಡು ತಂತಿಗಳ ನಡುವಿನ ವೋಲ್ಟೇಜ್ ನೋಡಿ. ಅನಂತರ ಉದ್ದದ ತಂತಿ ಬಳಸಿ ಕಪ್ಪು ತಂತಿಯಿಂದ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿನವರೆಗೆ ಅಳೆಯಿರಿ. ಅಲ್ಲಿ 0.1ರಿಂದ 0.2 ವೋಲ್ಟ್ ಒಳಗೆ ಬಂದರೆ ಅರ್ಥಿಂಗ್ ಚೆನ್ನಾಗಿದೆ. ಕೊನೆಯದಾಗಿ, ಕೀ ಪೂರ್ತಿ ತೆಗೆದು ಹಳದಿಯಲ್ಲಿ ಕರೆಂಟು ಉಳಿಯುತ್ತದೆಯೇ ನೋಡಿ.

ಹಳೇಮೈಸೂರು ಗ್ಯಾರೇಜ್:
ಇಷ್ಟೆಲ್ಲ ಮಾಡುವ ಬದಲು ಗೆಳೆಯರ ಕಾರಿನ ಬ್ಯಾಟರಿ ತಂದು ಹಾಕಿ ನೋಡುವುದು ಸುಲಭ. ಮೂವತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವವರು ಬಲ್ಬ್ ಹಿಡಿದು ಕೂರುವುದಿಲ್ಲ.

ತಂತಿ ಮತ್ತು ತಾಮ್ರ:
ಸರ್, ನಿಮ್ಮ ಅನುಭವಕ್ಕೆ ಗೌರವವಿದೆ. ಆದರೆ ಬಲ್ಬ್ ಹಿಡಿದು ನೋಡುವುದು ಹಳೆಯ ಎಲೆಕ್ಟ್ರಿಷಿಯನ್‌ಗಳ ಪದ್ಧತಿಯೇ ಆಗಿದೆ; ಅವರ ಟೆಸ್ಟ್ ಲ್ಯಾಂಪ್ ಕೂಡ ತಂತಿಗೆ ಭಾರ ಹಾಕಿಯೇ ಪರೀಕ್ಷಿಸುತ್ತಿತ್ತು. ಒಂದು ವರ್ಷದ ಬ್ಯಾಟರಿಯನ್ನು ಪುರಾವೆಯಿಲ್ಲದೆ ಬದಲಿಸಲು ಹೇಳುವುದು ದಾರಿಹೋಕರಿಗೆ ಅನಗತ್ಯ ಖರ್ಚು.

ದಾರಿಹೋಕ:
ನೀವಿಬ್ಬರೂ ಹೇಳಿದ್ದನ್ನು ಅಳೆದಿದ್ದೇನೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 10.4ಕ್ಕಿಂತ ಕೆಳಗೆ ಇಳಿಯಲಿಲ್ಲ. ಕೀ ಎಸಿಸಿಯಲ್ಲಿದ್ದಾಗ, ಬಲ್ಬ್ ಹಾಕಿದ ಕೂಡಲೇ ಹಳದಿಯಲ್ಲಿ 12.4 ಇದ್ದದ್ದು 10.3ಕ್ಕೆ ಬಿತ್ತು. ಆ ಹೊತ್ತಿನಲ್ಲಿ ಬ್ಯಾಟರಿಯ ಮೇಲೆ 12.4 ಹಾಗೆಯೇ ಇತ್ತು. ಕಪ್ಪು ತಂತಿಯಿಂದ ಬ್ಯಾಟರಿಯ ನೆಗೆಟಿವ್‌ವರೆಗೆ 0.06. ಕೀ ತೆಗೆದರೆ ಹಳದಿಯಲ್ಲಿ ಸೊನ್ನೆ.

ಇದರ ಜೊತೆಗೆ ಹೇಳಬೇಕಾದ್ದು, ಹಳದಿ ಮತ್ತು ಕೆಂಪು ಎರಡನ್ನೂ ಒಟ್ಟಿಗೆ ಸುತ್ತಿ ಕಾರಿನ ಒಂದೇ ತಂತಿಗೆ ಸೇರಿಸಿ ಟೇಪ್ ಹಾಕಿದ್ದಾರೆ. ಎಲ್ಲ ಕಡೆಯೂ ಹಾಗೆಯೇ ಮಾಡುತ್ತಾರೆ ಎಂದುಕೊಂಡು ಮೊದಲು ಬರೆಯಲಿಲ್ಲ.

ತಂತಿ ಮತ್ತು ತಾಮ್ರ:
ಈಗ ಎಲ್ಲ ಲಕ್ಷಣಗಳೂ ಒಂದೇ ಕಡೆ ಬಂದು ಸೇರಿದವು. ಎರಡೂ ತಂತಿಗಳು ಎಸಿಸಿ ಲೈನಿಗೆ ಹೋಗಿವೆ. ಕೀ ತೆಗೆದರೆ ಹಳದಿ ಸಾಯುವುದರಿಂದ ನೆನಪು ಉಳಿಯುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಸೆಲ್ಫ್ ಹೊಡೆಯುವ ಕ್ಷಣದಲ್ಲಿ, ಸ್ಟಾರ್ಟರ್ ಮೋಟರಿಗೆ ಪೂರ್ತಿ ಶಕ್ತಿ ಸಿಗಲೆಂದು, ಇಗ್ನಿಷನ್ ಸ್ವಿಚ್ಚೇ ಎಸಿಸಿ ಲೈನನ್ನು ಕಡಿದುಹಾಕುತ್ತದೆ. ಬ್ಯಾಟರಿ ಎಷ್ಟು ಗಟ್ಟಿಯಾಗಿದ್ದರೂ ಆ ಕ್ಷಣದಲ್ಲಿ ನಿಮ್ಮ ಸ್ಟೀರಿಯೊವಿಗೆ ಏನೂ ಸಿಗುವುದಿಲ್ಲ. ಇನ್ನು ಧ್ವನಿಯ ವಿಷಯ: ಇಳಿದ ವೋಲ್ಟೇಜಿನಲ್ಲಿ ಬಲ್ಬ್ ಸೆಳೆಯುವ ಸುಮಾರು ಒಂದೂವರೆ ಆಂಪಿಯರಿಗೇ 2.1 ವೋಲ್ಟ್ ಬಿದ್ದಿದೆ ಎಂದರೆ ಮಾರ್ಗದಲ್ಲಿ ಒಂದು ಓಮಿಗಿಂತ ಹೆಚ್ಚು ರೋಧವಿದೆ. ಧ್ವನಿ ಏರಿ ಸ್ಟೀರಿಯೊ 4 ಅಥವಾ 5 ಆಂಪಿಯರ್ ಕೇಳಿದರೆ ವೋಲ್ಟೇಜ್ 8ರ ಆಸುಪಾಸಿಗೋ ಅದಕ್ಕೂ ಕೆಳಗೋ ಕುಸಿಯುತ್ತದೆ, ಅಷ್ಟರಲ್ಲಿ ಯಾವ ಆಂಡ್ರಾಯ್ಡ್ ಸ್ಟೀರಿಯೊವೂ ಎಚ್ಚರವಾಗಿ ಉಳಿಯಲಾರದು. ಅರ್ಥಿಂಗ್ 0.06 ಇರುವುದರಿಂದ ಆ ಕಡೆ ದೋಷವಿಲ್ಲ. ಸ್ಟೀರಿಯೊವನ್ನು ಮರಳಿಸುವ ಯೋಚನೆಯನ್ನು ಸದ್ಯಕ್ಕೆ ಬಿಡಿ.

ಉಳಿದಿರುವ ಪ್ರಶ್ನೆ ಒಂದೇ. ಹಳೆಯ ಸ್ಟೀರಿಯೊವಿಗೆ ಸದಾ ಕರೆಂಟು ಕೊಡುತ್ತಿದ್ದ ತಂತಿ ಕಪ್ಲರಿನಲ್ಲಿ ಇದ್ದೇ ಇರಬೇಕು. ಅದನ್ನು ಬಿಟ್ಟು ಎಸಿಸಿಗೇ ಏಕೆ ಸುತ್ತಿದರು? ಅದರಲ್ಲಿ ಕರೆಂಟು ಇರಲಿಲ್ಲವೇ?

ಕರಾವಳಿ ಕಾರು:
ದಾರಿಹೋಕರೇ, ಕಾರಿನಲ್ಲಿ ಬೇರೆ ಯಾವುದಾದರೂ ಕೆಲಸ ಮಾಡುತ್ತಿಲ್ಲವೇ? ಚಿಕ್ಕದಾದರೂ ಹೇಳಿ.

ದಾರಿಹೋಕ:
ಬಾಗಿಲು ತೆರೆದರೆ ಒಳಗಿನ ರೂಫ್ ಲೈಟ್ ಉರಿಯುತ್ತಿಲ್ಲ, ಆದರೆ ಅದು ಬೇರೆ ವಿಷಯ, ಬಲ್ಬ್ ಹೋಗಿರಬೇಕು ಎಂದುಕೊಂಡಿದ್ದೇನೆ.

ಕರಾವಳಿ ಕಾರು:
ಬೇರೆ ವಿಷಯವಲ್ಲ, ಇದೇ ವಿಷಯ. ಅನೇಕ ಕಾರುಗಳಲ್ಲಿ ರೂಫ್ ಲೈಟ್ ಮತ್ತು ರೇಡಿಯೊವಿನ ನೆನಪಿನ ತಂತಿ ಒಂದೇ ಫ್ಯೂಸಿನಿಂದ ಹೊರಡುತ್ತವೆ. ಬ್ಯಾಟರಿಯ ನೆಗೆಟಿವ್ ಬಿಚ್ಚದೆ ಹಳೆಯ ಸ್ಟೀರಿಯೊ ಕಿತ್ತಾಗ ಆ ತಂತಿ ಲೋಹದ ಪಟ್ಟಿಗೆ ತಾಗಿದರೆ ಫ್ಯೂಸ್ ಹಾರಿಹೋಗುತ್ತದೆ. ಆಮೇಲೆ ಕೆಲಸದವರಿಗೆ ಆ ತಂತಿಯಲ್ಲಿ ಕರೆಂಟು ಸಿಗುವುದಿಲ್ಲ, ಸಿಕ್ಕಿದ ಎಸಿಸಿಗೆ ಎರಡನ್ನೂ ಸುತ್ತಿ ಮುಗಿಸುತ್ತಾರೆ. ಸ್ಟಿಯರಿಂಗ್ ಕೆಳಗಿನ ಫ್ಯೂಸ್ ಪೆಟ್ಟಿಗೆ ತೆರೆದು, ಮುಚ್ಚಳದ ಮೇಲಿನ ನಕ್ಷೆಯಲ್ಲಿ ಡೋಮ್ ಎಂದೋ ರೂಮ್ ಎಂದೋ ಇರುವ ಫ್ಯೂಸನ್ನು ನೋಡಿ.

ಹಳೇಮೈಸೂರು ಗ್ಯಾರೇಜ್:
ಫ್ಯೂಸ್ ಹೋಗಿದ್ದರೆ ಒಂದು ನಂಬರ್ ದೊಡ್ಡದು ಹಾಕಿ. 15 ಇದ್ದರೆ 20. ಮತ್ತೆ ಹಾರುವುದಿಲ್ಲ.

ತಂತಿ ಮತ್ತು ತಾಮ್ರ:
ಈ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಫ್ಯೂಸ್ ಇರುವುದು ತಂತಿಯನ್ನು ಕಾಯುವುದಕ್ಕೆ. 15 ಆಂಪಿಯರಿಗೆ ಅಳೆದು ಹಾಕಿದ ತಂತಿಯ ಮುಂದೆ 20ರ ಫ್ಯೂಸ್ ಕೂರಿಸಿದರೆ, ಶಾರ್ಟ್ ಆದಾಗ ಫ್ಯೂಸಿಗಿಂತ ಮೊದಲು ತಂತಿಯೇ ಬಿಸಿಯೇರಿ, ಡ್ಯಾಶ್‌ಬೋರ್ಡ್ ಒಳಗಿನ ಪ್ಲಾಸ್ಟಿಕ್ ಹೊತ್ತಿಕೊಳ್ಳಬಹುದು. ಕೆಂಪು ಫ್ಯೂಸ್ 10, ನೀಲಿ 15, ಹಳದಿ 20. ಹೋದದ್ದು ಯಾವ ಬಣ್ಣವೋ ಅದೇ ಬಣ್ಣದ್ದನ್ನು ಹಾಕಬೇಕು. ಹೊಸದೂ ಹಾರಿದರೆ ಶಾರ್ಟ್ ಇನ್ನೂ ಉಳಿದಿದೆ ಎಂದು ತಿಳಿದು ಹುಡುಕಬೇಕು.

ನಾದಪ್ರಿಯ:
ನನ್ನದೊಂದು ಪ್ರಶ್ನೆ ಇದಕ್ಕೆ ಸಂಬಂಧಿಸಿದ್ದೇ. ತಮ್ಮನ ಹೊಸ ಕಾರಿನ ಸ್ಟೀರಿಯೊ ಕಪ್ಲರಿನಲ್ಲಿ ಎಸಿಸಿ ತಂತಿಯೇ ಸಿಗುತ್ತಿಲ್ಲ. ಅಲ್ಲಿ ಏನು ಮಾಡಬೇಕು?

ತಂತಿ ಮತ್ತು ತಾಮ್ರ:
ಅಂಥ ಕಾರುಗಳಲ್ಲಿ ಕೀಯ ಸ್ಥಿತಿ ಕ್ಯಾನ್ ಬಸ್ (ಕಾರಿನ ಎಲೆಕ್ಟ್ರಾನಿಕ್ ಘಟಕಗಳು ಮಾತಾಡಿಕೊಳ್ಳುವ ಜಾಲ) ಮೂಲಕ ಸಂದೇಶವಾಗಿ ಬರುತ್ತದೆ, ತಂತಿಯಲ್ಲಿ ವೋಲ್ಟೇಜಾಗಿ ಬರುವುದಿಲ್ಲ. ಆ ಕಾರಿಗೆ ಹೊಂದುವ ಕ್ಯಾನ್ ಡಿಕೋಡರ್ ಪೆಟ್ಟಿಗೆ ಹಾಕಿದರೆ ಅದು ಸಂದೇಶವನ್ನು ಓದಿ ಎಸಿಸಿ ಕೊಡುತ್ತದೆ. ಮಿಕ್ಕ ವಿವರಗಳಿಗೆ ಬೇರೆ ಚರ್ಚೆ ತೆರೆಯಿರಿ, ಇಲ್ಲಿ ಬೆರೆತರೆ ದಾರಿಹೋಕರಿಗೆ ಗೊಂದಲವಾಗುತ್ತದೆ.

ದಾರಿಹೋಕ:
ಡೋಮ್ ಫ್ಯೂಸ್ ಸುಟ್ಟಿತ್ತು. ಅದು ನೀಲಿ ಬಣ್ಣದ್ದು, ಅದೇ ಬಣ್ಣದ್ದನ್ನು ಹಾಕಿದ ಕೂಡಲೇ ರೂಫ್ ಲೈಟ್ ಉರಿಯಿತು, ಕಪ್ಲರಿನಲ್ಲಿ ಕತ್ತರಿಸಿ ಬಿಟ್ಟಿದ್ದ ತಂತಿಯಲ್ಲಿ ಕೀ ಇಲ್ಲದೆಯೂ 12.5 ಬಂತು. ಮತ್ತೆ ನೆಗೆಟಿವ್ ಬಿಚ್ಚಿಟ್ಟು ಟೇಪ್ ತೆಗೆದು ನೋಡಿದರೆ, ಎಸಿಸಿ ತಂತಿಯ ಎಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ತುಂಡಾಗಿದ್ದವು, ಉಳಿದವು ಕಪ್ಪಾಗಿದ್ದವು. ಹಾಳಾದ ತುದಿಗಳನ್ನು ಕತ್ತರಿಸಿ, ಹಳದಿಯನ್ನು ಸದಾ ಕರೆಂಟಿನ ತಂತಿಗೂ ಕೆಂಪನ್ನು ಎಸಿಸಿಗೂ ಬೇರೆ ಬೇರೆಯಾಗಿ ಸೇರಿಸಿದ್ದೇನೆ. ಹಳದಿಯಲ್ಲಿ ಅದೇ ಬಲ್ಬ್ ಹಾಕಿ ಅಳೆದರೆ ಈಗ 12.3. ಧ್ವನಿ ಪೂರ್ತಿ ಏರಿಸಿದರೂ ಆರಲಿಲ್ಲ, ಸೆಲ್ಫ್ ಹೊಡೆದರೂ ಆರಲಿಲ್ಲ, ಬೆಳಿಗ್ಗೆ ಗಡಿಯಾರ ಸರಿಯಾಗಿತ್ತು. ನಿಮ್ಮೆಲ್ಲರಿಗೂ ಮನಸಾರೆ ವಂದನೆಗಳು. ಈ ಜೋಡಣೆಗಳಿಗೆ ಬೆಸುಗೆ ಹಾಕಬೇಕೇ, ಕ್ರಿಂಪ್ (ಲೋಹದ ತೋಳಿನಲ್ಲಿ ತಂತಿಯನ್ನು ಒತ್ತಿ ಹಿಡಿಸುವುದು) ಸಾಕೇ?

ಕರಾವಳಿ ಕಾರು:
ಬೆಸುಗೆ ಹಾಕಿ, ಮೇಲೆ ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ತೇವ ಒಳಗೆ ಹೋಗುವುದಿಲ್ಲ.

ಹಳೇಮೈಸೂರು ಗ್ಯಾರೇಜ್:
ಅಲುಗಾಡುವ ಕಡೆ ಬೆಸುಗೆ ಹಾಕಿದರೆ, ಬೆಸುಗೆ ಮುಗಿಯುವ ಜಾಗದಲ್ಲಿ ತಂತಿ ಗಡುಸಾಗಿ ಕೆಲಕಾಲದಲ್ಲೇ ಮುರಿಯುತ್ತದೆ. ಕಾರು ಕಂಪನಿಗಳು ಕ್ರಿಂಪನ್ನೇ ಬಳಸುವುದು ಸುಮ್ಮನೆ ಅಲ್ಲ.

ತಂತಿ ಮತ್ತು ತಾಮ್ರ:
ಈ ಮಾತಿನಲ್ಲಿ ಗ್ಯಾರೇಜ್ ಸರ್ ಹೇಳಿದ್ದು ಸರಿ. ಸರಿಯಾದ ಅಳತೆಯ ಕ್ರಿಂಪ್ ಮತ್ತು ಸರಿಯಾದ ಕ್ರಿಂಪಿಂಗ್ ಪ್ಲೈಯರ್ ಇದ್ದರೆ ಬೆಸುಗೆ ಬೇಡ. ಬೆಸುಗೆಯನ್ನೇ ಹಾಕುವುದಾದರೆ ತಂತಿ ಅಲುಗದಂತೆ ಎರಡೂ ಬದಿಯಲ್ಲಿ ಕಟ್ಟಬೇಕು.

ಡ್ಯಾಶ್‌ಬೋರ್ಡ್ ಮುಚ್ಚುವ ಮೊದಲು ಇನ್ನೊಂದು ಅಳತೆ ಬಾಕಿಯಿದೆ. ಹಳದಿಗೆ ಈಗ ಹಗಲೂ ರಾತ್ರಿಯೂ ಕರೆಂಟು ಸಿಗುವುದರಿಂದ, ಕಾರು ನಿಂತಾಗ ಸ್ಟೀರಿಯೊ ನಿಜವಾಗಿ ಮಲಗುತ್ತದೆಯೇ ಎಂದು ನೋಡಬೇಕು. ಮಲ್ಟಿಮೀಟರನ್ನು 10 ಆಂಪಿಯರ್ ಕಡೆಗೆ ಬದಲಿಸಿ, ಬ್ಯಾಟರಿಯ ನೆಗೆಟಿವ್ ಮತ್ತು ಅದರ ಕೇಬಲ್ ನಡುವೆ ಸೇರಿಸಿ, ಬಾಗಿಲುಗಳನ್ನು ಮುಚ್ಚಿ, ಕಾರಿನ ಎಲ್ಲ ಎಲೆಕ್ಟ್ರಾನಿಕ್ ಮಾಡ್ಯೂಲ್‌ಗಳೂ ಮಲಗುವವರೆಗೆ ಕಾಯಿರಿ. ಮೀಟರ್ ಹಾಗೆ ಜೋಡಿಸಿರುವಾಗ ಸೆಲ್ಫ್ ಹೊಡೆಯಲೇಬಾರದು. 50 ಮಿಲಿಆಂಪಿಯರ್ ಒಳಗೆ ಬರಬೇಕು. ಅಷ್ಟೇ ಬಂದರೂ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚಾಗುತ್ತದೆ, ನಿಮ್ಮ 35 ಎಎಚ್ ಬ್ಯಾಟರಿ ಎರಡು ವಾರದಲ್ಲಿ ಅರ್ಧಕ್ಕೆ ಬರುತ್ತದೆ.

ದಾರಿಹೋಕ:
ಮೊದಲು 0.4 ಆಂಪಿಯರ್ ಬಂದು ಗಾಬರಿಯಾಯಿತು. ಅರ್ಧ ಗಂಟೆ ಕಾದ ಮೇಲೆ 22 ಮಿಲಿಆಂಪಿಯರಿಗೆ ಇಳಿದು ಅಲ್ಲಿಯೇ ನಿಂತಿತು.

ತಂತಿ ಮತ್ತು ತಾಮ್ರ:
22 ಚೆನ್ನಾಗಿದೆ. ಬಳಸದೆ ಉಳಿದ ನೀಲಿ ಮತ್ತು ನೀಲಿ-ಬಿಳಿ ತಂತಿಗಳಲ್ಲಿ ಸ್ಟೀರಿಯೊ ಹತ್ತಿದಾಗಲೆಲ್ಲ 12 ವೋಲ್ಟ್ ಇರುತ್ತದೆ. ಆದ್ದರಿಂದ ಅವುಗಳ ತುದಿಗೆ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಲೋಹಕ್ಕೆ ತಾಗದಂತೆ ಹಿಂದಕ್ಕೆ ಮಡಚಿ ಕಟ್ಟಿ. ಸ್ಪೀಕರಿನ ಕಪ್ಪು ಗೆರೆಯಿರುವ ತಂತಿಗಳನ್ನು ಯಾರಾದರೂ ಅರ್ಥಿಗೆ ಸೇರಿಸಿದ್ದರೆ ಅದನ್ನೂ ಬಿಡಿಸಿ, ಏಕೆಂದರೆ ಈ ಸ್ಟೀರಿಯೊಗಳಲ್ಲಿ ಸ್ಪೀಕರಿನ ಎರಡೂ ತಂತಿಗಳಿಗೆ ಆಂಪ್ಲಿಫೈಯರಿನಿಂದಲೇ ಸಿಗ್ನಲ್ ಬರುತ್ತದೆ, ಅರ್ಥಿಗೆ ತಾಗಿದರೆ ಒಳಗಿನ ಐಸಿ (ಆಂಪ್ಲಿಫೈಯರ್ ಚಿಪ್) ಸುಟ್ಟುಹೋಗಬಹುದು. ಇಷ್ಟು ಮುಗಿದರೆ ಡ್ಯಾಶ್‌ಬೋರ್ಡ್ ಮುಚ್ಚಬಹುದು.